ಜಿನೋವಾದ ಹಮಾಲಿ, ಸೈದಾದ ತಂದೆ

ನಾಡಿನ ಹಾಡು ಎಂದ ಕೂಡಲೇ ನಮ್ಮ ಕಿವಿಗೆ ಒಂದು ಬಗೆಯ ರಾಗ ಕೇಳಿಸತೊಡಗುತ್ತದೆ. ಅದರಲ್ಲಿ ನದಿಗಳಿರುತ್ತವೆ, ಬೆಟ್ಟಗಳಿರುತ್ತವೆ, ರಾಜರ ಹೆಸರುಗಳಿರುತ್ತವೆ, ಕೊನೆಗೆ ತಾಯಿಗೊಂದು ಜೈಕಾರವಿರುತ್ತದೆ. ಮೀನು ಮಾರುವವಳ ಕೂಗಾಗಲಿ, ಸಾಲ ವಸೂಲಿ ಮಾಡುವವನ ಸಂಕಟವಾಗಲಿ, ಮತ ಬದಲಿಸಿ ಎದುರಾಳಿಯ ನೌಕಾಪಡೆ ಸೇರಿದವನ ಕತೆಯಾಗಲಿ ಅಲ್ಲಿ ಇರುವುದಿಲ್ಲ. ಇವರೆಲ್ಲ ನಾಡಿನೊಳಗೆ ಬದುಕಿದವರೇ. ಆದರೆ ನಾಡನ್ನು ಹೊಗಳಲು ಕುಳಿತವರಿಗೆ ಇವರು ನೆನಪಾಗುವುದಿಲ್ಲ.

ಇಟಲಿಯ ಫಾಬ್ರಿತ್ಸಿಯೊ ದೆ ಆಂದ್ರೆ 1984ರಲ್ಲಿ ಹೊರತಂದ ‘ಕ್ರೋಝ ದೆ ಮಾ’ ಎಂಬ ಆಲ್ಬಮ್ ಇಂಥವರಿಂದಲೇ ತುಂಬಿದೆ. ಅದರಲ್ಲಿರುವುದು ಏಳೇ ಹಾಡುಗಳು. ಏಳೂ ಆತನ ಹುಟ್ಟೂರು ಜಿನೋವಾ ಮತ್ತು ಅದು ಸೇರಿರುವ ಲಿಗೂರಿಯಾ ಕರಾವಳಿಯ ಬದುಕನ್ನು, ಆ ಕರಾವಳಿ ಶತಮಾನಗಳ ಕಾಲ ನಂಟು ಮತ್ತು ಹಗೆ ಎರಡನ್ನೂ ಬೆಳೆಸಿಕೊಂಡ ಮೆಡಿಟರೇನಿಯನ್ ಸಮುದ್ರವನ್ನು ಕುರಿತವು. ಏಳೂ ಜಿನೋವಾದ ಆಡುಭಾಷೆಯಲ್ಲಿವೆ. ರೋಮಿನವನಿಗಾಗಲಿ ನೇಪಲ್ಸಿನವನಿಗಾಗಲಿ ಅದು ಅರ್ಥವಾಗುವುದಿಲ್ಲ. ಇಟಲಿಯ ಜನ ಈ ಹಾಡುಗಳನ್ನು ಕೇಳಿದ್ದು ನಾವು ಕೇಳುವಂತೆಯೇ, ಪಕ್ಕದಲ್ಲಿ ಅನುವಾದ ಇಟ್ಟುಕೊಂಡು. ಆದರೂ ಆ ವರ್ಷದ ಅತ್ಯುತ್ತಮ ಆಲ್ಬಮ್ ಎಂದು ಅಲ್ಲಿನ ಟೆಂಕೊ ಪುರಸ್ಕಾರ ಅದಕ್ಕೆ ಸಂದಿತು.

ತಾನೇ ಹಾಡು ಕಟ್ಟಿ ತಾನೇ ಹಾಡುವವರಿಗೆ ಇಟಲಿಯಲ್ಲಿ ಪ್ರತ್ಯೇಕ ಹೆಸರೇ ಇದೆ, ‘ಕಾಂತೌತೋರೆ’ ಎಂದು. ನಮ್ಮ ತತ್ವಪದಕಾರರನ್ನು ನೆನೆದರೆ ಆ ಪರಂಪರೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ದೆ ಆಂದ್ರೆ 1940ರಲ್ಲಿ ಸಿರಿವಂತ ಮನೆಯಲ್ಲಿ ಹುಟ್ಟಿದವನು. ತಂದೆ ದೊಡ್ಡ ಉದ್ಯಮಿ, ಜಿನೋವಾದ ಉಪಮೇಯರ್ ಆಗಿದ್ದವರು. ಮಗನ ಕಾಲು ಎಳೆದದ್ದು ಮಾತ್ರ ಬಂದರಿನ ಹಿಂದಿನ ಇಕ್ಕಟ್ಟಾದ ಹಳೇ ಓಣಿಗಳ ಕಡೆಗೆ. ಅಲ್ಲಿನ ವೇಶ್ಯೆಯರು, ಕುಡುಕರು, ಕಳ್ಳರು ಆತನ ಮೊದಮೊದಲ ಹಾಡುಗಳಲ್ಲೇ ಬಂದುಬಿಟ್ಟಿದ್ದರು. 1967ರ ‘ವಿಯಾ ದೆಲ್ ಕಾಂಪೊ’ ಅಂಥದೊಂದು ಓಣಿಯ ಹೆಸರು. 1979ರಲ್ಲಿ ಸಾರ್ಡಿನಿಯಾದ ತೋಟದ ಮನೆಯಿಂದ ಆತನನ್ನೂ ಸಂಗಾತಿ ದೋರಿ ಗೆಝ್ಝಿಯನ್ನೂ ಅಪಹರಿಸಿದ ತಂಡವೊಂದು ನಾಲ್ಕು ತಿಂಗಳು ಬೆಟ್ಟದಲ್ಲಿ ಕಟ್ಟಿಹಾಕಿತ್ತು. ಒತ್ತೆಹಣ ಕೊಟ್ಟ ಮೇಲೆ ಬಿಡುಗಡೆಯಾಯಿತು. ಹೊರಬಂದ ದೆ ಆಂದ್ರೆ ತನ್ನನ್ನು ಕಾವಲು ಕಾದವರನ್ನು ಕ್ಷಮಿಸಿದ. 1981ರಲ್ಲಿ ಸಾರ್ಡಿನಿಯಾದ ಕುರಿಗಾಹಿಗಳನ್ನೂ ಅಮೆರಿಕದ ಮೂಲನಿವಾಸಿಗಳನ್ನೂ ಅಕ್ಕಪಕ್ಕ ಇಟ್ಟು ಒಂದು ಆಲ್ಬಮ್ ಮಾಡಿದ. ‘ಕ್ರೋಝ ದೆ ಮಾ’ ಬಂದದ್ದು ಅದಾದ ಮೇಲೆ. ಸಂಗೀತ ಮೌರೊ ಪಗಾನಿಯದು. ರಾಕ್ ತಂಡವೊಂದರಲ್ಲಿ ಪಿಟೀಲು ನುಡಿಸುತ್ತಿದ್ದ ಪಗಾನಿ ಅದನ್ನು ಬಿಟ್ಟು ಅರಬ್, ತುರ್ಕಿ, ಗ್ರೀಕ್ ಸಂಗೀತದ ಬೆನ್ನು ಹತ್ತಿದವನು. ಹಾಗಾಗಿ ಈ ಜಿನೋವಾದ ಹಾಡುಗಳ ಹಿಂದೆ ನುಡಿಯುವುದು ಊದ್, ಸಾಝ್, ಬುಝುಕಿ, ಜೊತೆಗೆ ನಮ್ಮ ಮದುವೆ ಮನೆಗಳ ಶಹನಾಯಿ.

ಇದು ಚೆಂದಕ್ಕೆ ಹಚ್ಚಿದ ವಿದೇಶಿ ಬಣ್ಣವೇ ಎಂದು ಯಾರಾದರೂ ಕೇಳಬಹುದು. ಉತ್ತರ ಆ ಭಾಷೆಯಲ್ಲೇ ಇದೆ. ಜಿನೋವಾದ ಬಂದರಿನಲ್ಲಿ ಮೂಟೆ ಹೊರುವವನಿಗೆ ‘ಕಮಾಲ್ಲೊ’ ಎನ್ನುತ್ತಾರೆ. ಅರಬಿಯ ‘ಹಮ್ಮಾಲ್’ ಪದವೇ ಅಲ್ಲಿ ಹೀಗಾಗಿದೆ. ಅದೇ ಪದ ಉರ್ದುವಿನ ದಾರಿ ಹಿಡಿದು ನಮ್ಮ ಎಪಿಎಂಸಿ ಯಾರ್ಡುಗಳಲ್ಲಿ, ರೈಲು ನಿಲ್ದಾಣಗಳ ಗೂಡ್ಸ್ ಶೆಡ್ಡುಗಳಲ್ಲಿ ‘ಹಮಾಲಿ’ಯಾಗಿ ಇವತ್ತಿಗೂ ಬೆವರು ಸುರಿಸುತ್ತಿದೆ. ಜಿನೋವಾದವನ ಕರವಸ್ತ್ರ ‘ಮಂದಿಲ್ಲು’. ಲ್ಯಾಟಿನಿನಿಂದ ಅರಬಿಗೆ ಹೋಗಿ ‘ಮಂದೀಲ್’ ಆದ ಆ ಬಟ್ಟೆ ನಮ್ಮಲ್ಲಿ ಜರಿಯ ‘ಮಂದೀಲು’ ಆಗಿ ಮದುಮಗನ ತಲೆ ಏರಿತು. ಒಂದೇ ಪದ ಅಲ್ಲಿ ಮೂಗೊರೆಸಿತು, ಇಲ್ಲಿ ಮರ್ಯಾದೆಯ ರುಮಾಲಾಯಿತು. ಹಡಗು ಕಟ್ಟುವ, ಲಂಗರು ಹಾಕುವ ಒಳಬಂದರಿಗೆ ಇಟಲಿಯವರು ಹೇಳುವ ‘ದಾರ್ಸೆನಾ’ ಕೂಡ ಅರಬಿಯ ‘ದಾರುಸ್ಸಿನಾಆ’, ಅಂದರೆ ಕಸುಬಿನ ಮನೆ. ಆದ್ದರಿಂದ ಪಗಾನಿಯ ಊದ್ ಹೊರಗಿನಿಂದ ಬಂದದ್ದಲ್ಲ. ಮಾತಿನೊಳಗೆ ಮೊದಲೇ ಇದ್ದದ್ದನ್ನು ಆತ ತಂತಿಯ ಮೇಲೆ ಕೇಳಿಸಿದ್ದಾನೆ.

ದಖನಿ ಮಾತಾಡುವ ಮನೆಯಿಂದ ಉರ್ದು ಶಾಲೆಗೆ ಹೋದ ನನ್ನಂಥವರಿಗೆ ಈ ಆಯ್ಕೆಯ ಬೆಲೆ ಬೇಗ ತಿಳಿಯುತ್ತದೆ. ಮನೆಯ ‘ನಕ್ಕೊ’ ಶಾಲೆಯ ಹೊಸಿಲಲ್ಲಿ ಬೆತ್ತದೇಟಿಗೆ ‘ನಹೀಂ’ ಆಗಬೇಕಿತ್ತು. ಮೇಷ್ಟ್ರ ಪ್ರಕಾರ ಅಮ್ಮ ಆಡುತ್ತಿದ್ದದ್ದು ಕೆಟ್ಟ ಉರ್ದು. ಇಟಲಿಯಲ್ಲೂ ಮಕ್ಕಳು ತಮ್ಮ ಮನೆಯ ಮಾತನ್ನು ಶಾಲೆಯ ಹೊರಗೆ ಬಿಟ್ಟು ಬರಬೇಕಾಗಿತ್ತು. ಅಲ್ಲಿ 1999ರಲ್ಲಿ ಬಂದ ಕಾನೂನು ಹನ್ನೆರಡು ಭಾಷಾ ಅಲ್ಪಸಂಖ್ಯಾತ ಸಮುದಾಯಗಳನ್ನು ಗುರುತಿಸಿತು. ಜಿನೋವಾದ ಭಾಷೆ ಆ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ಬ್ಯಾರಿ ಭಾಷೆಗೆ 2007ರಲ್ಲಿ ಸಾಹಿತ್ಯ ಅಕಾಡೆಮಿ ಬರುವವರೆಗೆ ಅದನ್ನು ಭಾಷೆ ಎಂದು ಕರೆಯುವುದಕ್ಕೇ ಎಷ್ಟು ಜನ ಹಿಂದೆಮುಂದೆ ನೋಡುತ್ತಿದ್ದರು ಎಂಬುದು ಕರಾವಳಿಯವರಿಗೆ ಗೊತ್ತು. ಇಟಲಿಯಾದ್ಯಂತ ಕೇಳುಗರಿದ್ದ ಹಾಡುಗಾರನೊಬ್ಬ ತನ್ನ ಅತ್ಯಂತ ಗಂಭೀರ ಕೆಲಸಕ್ಕೆ ಇಂಥದೊಂದು ಮಾತನ್ನು ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಆಲ್ಬಮ್ಮಿನ ಹೆಸರೇ ಮೊದಲ ಹಾಡು. ಲಿಗೂರಿಯಾದಲ್ಲಿ ಬೆಟ್ಟದಿಂದ ಕಡಲಿಗೆ ಇಳಿಯುವ, ಎರಡೂ ಬದಿಗೆ ಗೋಡೆಯಿರುವ ಕಡಿದಾದ ಓಣಿಗೆ ‘ಕ್ರೋಝ’ ಎನ್ನುತ್ತಾರೆ. ‘ಮಾ’ ಎಂದರೆ ಕಡಲು. ಕಡಲಿನಿಂದ ಮರಳಿದ ನಾವಿಕರು ಆ ದಾರಿ ಹತ್ತಿ ಹೆಂಡದಂಗಡಿಗೆ ಬರುತ್ತಾರೆ. ಊಟಕ್ಕೆ ಏನಿದೆ ಎಂದು ವಿಚಾರಿಸುತ್ತಾರೆ. ಹುರಿದ ಸಣ್ಣ ಮೀನಿನಿಂದ ಹಿಡಿದು ಮೊಲವೆಂದು ಬಡಿಸುವ ಬೆಕ್ಕಿನ ಮಾಂಸದವರೆಗೆ ಪಟ್ಟಿ ಬೆಳೆಯುತ್ತದೆ. ನೆಲದ ಮೇಲಿನವರ ಮೇಲೆ ಅವರಿಗೆ ಪೂರ್ತಿ ನಂಬಿಕೆ ಬರುವುದಿಲ್ಲ. ತಮ್ಮ ಊರಿಗೇ ಬಂದಿದ್ದರೂ ಅವರು ಅತಿಥಿಗಳಂತೆ ಕೂರುತ್ತಾರೆ. ಹಾಡು ಮುಗಿಯುವಾಗ ಜಿನೋವಾದ ಮೀನು ಮಾರುಕಟ್ಟೆಯ ಕೂಗಾಟ ಕೇಳಿಸುತ್ತದೆ. ಅದು ನಟರ ಧ್ವನಿಯಲ್ಲ, ಮಾರುಕಟ್ಟೆಯಲ್ಲೇ ದಾಖಲಿಸಿಕೊಂಡದ್ದು. ಮಂಗಳೂರಿನ ಧಕ್ಕೆಯಲ್ಲಿ ಬೆಳಗಿನ ಜಾವ ನಿಂತವರಿಗೆ ಆ ಗದ್ದಲದ ಅನುವಾದ ಬೇಕಾಗುವುದಿಲ್ಲ.

ಎರಡು ಹಾಡುಗಳ ಮೇಲೆ ಇಡೀ ಆಲ್ಬಮ್ ನಿಂತಿದೆ ಎಂದು ನನಗೆ ಅನಿಸುತ್ತದೆ. ಒಂದು ‘ಸಿನಾನ್ ಕಪುದಾನ್ ಪಾಶಾ’, ಇನ್ನೊಂದು ‘ಸಿದುನ್’.

ಸಿನಾನ್ ಇತಿಹಾಸದ ವ್ಯಕ್ತಿ. ಹುಟ್ಟು ಹೆಸರು ಶಿಪಿಯೋನೆ ಚಿಕಾಲಾ, ಜಿನೋವಾದ ಕುಲೀನ ಮನೆತನದವನು. 1561ರ ಸುಮಾರಿಗೆ ತಂದೆಯ ಜೊತೆ ಸಮುದ್ರದಲ್ಲಿ ಸೆರೆಸಿಕ್ಕು ಇಸ್ತಾಂಬುಲ್ ಸೇರಿದ ಹದಿಹರೆಯದ ಹುಡುಗ. ಮುಸ್ಲಿಮನಾಗಿ, ಸುಲ್ತಾನನ ಸೇವೆಯಲ್ಲಿ ಬೆಳೆದು, ಒಟ್ಟೋಮನ್ ನೌಕಾಪಡೆಯ ಮುಖ್ಯಸ್ಥ ಕಪುದಾನ್ ಪಾಶಾ ಆದ. 1596ರಲ್ಲಿ ಸ್ವಲ್ಪ ಕಾಲ ಪ್ರಧಾನ ವಜೀರನೂ ಆಗಿದ್ದ. ಇಸ್ತಾಂಬುಲ್ಲಿನಲ್ಲಿ ಬಹುಕಾಲ ಪತ್ರಿಕೆಗಳ ಮತ್ತು ಪ್ರಕಾಶಕರ ಕೇರಿಯಾಗಿದ್ದ ‘ಜಾಆಲೋಲು’ವಿಗೆ ಹೆಸರು ಬಂದದ್ದು ಈ ಚಿಕಾಲಾನಿಂದಲೇ.

ಜಿನೋವಾದ ಹಾಡಿನಲ್ಲಿ ಇಂಥವನು ಬಂದರೆ ದ್ರೋಹಿಯಾಗಿ ಬರಬೇಕು. ದೆ ಆಂದ್ರೆ ಹಾಗೆ ಮಾಡುವುದಿಲ್ಲ. ತೀರ್ಪು ಕೊಡುವ ಕುರ್ಚಿಯಲ್ಲಿ ತಾನು ಕೂರದೆ ಸಿನಾನನಿಗೇ ಮಾತು ಕೊಡುತ್ತಾನೆ. ಹುಟ್ಟು ಹಾಕುವ ಗುಲಾಮನಾಗಿದ್ದವನು ಹೇಗೆ ಮೇಲೆ ಬಂದೆ ಎಂದು ಆತನೇ ಹೇಳುತ್ತಾನೆ. ತನ್ನನ್ನು ಮತಭ್ರಷ್ಟ ಎಂದು ಕರೆಯುವವರಿಗೆ ಆತನೇ ಉತ್ತರ ಕಳಿಸುತ್ತಾನೆ. ತನ್ನ ಊರಿನ ಚರಿತ್ರೆಯಲ್ಲಿ ಎದುರಾಳಿಯ ದಂಡನಾಯಕನಿಗೂ ಊರಿನ ಮಗನ ಸ್ಥಾನ ಕೊಡುವುದು ದೊಡ್ಡ ಮನಸ್ಸಿನ ಕೆಲಸ. ಮತ ಬದಲಿಸಿದವನ ಪೂರ್ವಜರ ಹೊಲ, ಮನೆ, ಮಾತು ಎಲ್ಲವೂ ಒಂದೇ ದಿನ ಪರಕೀಯವಾಗಿಬಿಡುತ್ತವೆ ಎಂದು ನಂಬುವವರು ನಮ್ಮ ನಡುವೆಯೂ ಇದ್ದಾರೆ. ಅವರು ಈ ಹಾಡನ್ನು ಒಮ್ಮೆ ಕೇಳಬೇಕು.

ಆದರೆ ಇದೇ ಹಾಡಿನಲ್ಲಿ ನನಗೆ ತಕರಾರೂ ಇದೆ. ಯಜಮಾನ ಬೇ ಮಕ್ಕಾದ ಧ್ಯಾನದಲ್ಲಿ, ಸ್ವರ್ಗದ ಹೂರಿಗಳ ಕನಸಿನಲ್ಲಿ ಮೈಮರೆತು ಕುಳಿತಿರುವಾಗ ಹಡಗು ದಿಬ್ಬಕ್ಕೆ ಬಡಿಯುವುದರಲ್ಲಿರುತ್ತದೆ. ಚುಕ್ಕಾಣಿ ತಿರುಗಿಸಿ ಅದನ್ನು ಉಳಿಸುವವನು ಜಿನೋವಾದ ಗುಲಾಮ. ಹೊಸ ನಂಬಿಕೆಯ ಬಗ್ಗೆ ಸಿನಾನ್ ಹೇಳುವುದೂ ಇಷ್ಟೇ: ಆಣೆ ಶಾಪಗಳಲ್ಲಿ ಮೊದಲು ಬರುತ್ತಿದ್ದ ಪವಿತ್ರ ಹೆಸರಿನ ಜಾಗಕ್ಕೆ ಈಗ ಇನ್ನೊಂದು ಪವಿತ್ರ ಹೆಸರು ಬಂದಿದೆ. ನಾವಿಕರ ಒರಟು ಬಾಯಿಗೆ ಇದು ಸಹಜ ಎಂದು ಸಮರ್ಥಿಸಬಹುದು. ಧರ್ಮಗಳೆರಡನ್ನೂ ಒಂದೇ ದೂರದಲ್ಲಿಟ್ಟು ನೋಡಿದವನು ದೆ ಆಂದ್ರೆ ಎಂಬುದೂ ನಿಜ. ಆದರೂ ಮತಾಂತರಗೊಂಡವನ ಒಳಗೆ ಲಾಭದ ಲೆಕ್ಕಾಚಾರದ ಹೊರತು ಬೇರೇನೂ ನಡೆಯಲಿಲ್ಲವೇ? ಸುಮಾರು ನಲವತ್ತೈದು ವರ್ಷ ಆ ನಂಬಿಕೆಯಲ್ಲಿ ಬದುಕಿದವನು ಒಂದು ರಾತ್ರಿಯಾದರೂ ಅದರ ಬಗ್ಗೆ ಯೋಚಿಸಿರಲಾರನೇ? ಹಾಡು ಆ ಬಾಗಿಲನ್ನು ತಟ್ಟುವುದೇ ಇಲ್ಲ.

ಇತಿಹಾಸ ಹಾಡಿಗಿಂತ ಹೆಚ್ಚು ಕೊಟ್ಟಿತ್ತು. ಚಿಕಾಲಾನ ತಾಯಿಯ ಬಗ್ಗೆ ಇತಿಹಾಸಕಾರರು ಹೇಳುವ ಮಾತೊಂದಿದೆ. ಆಕೆ ಆಡ್ರಿಯಾಟಿಕ್ ದಂಡೆಯ ಕಾಸ್ತೆಲ್‌ನುವೊವೊದಿಂದ ಬಂದ ಮುಸ್ಲಿಂ ಹೆಣ್ಣು, ಕ್ರೈಸ್ತಳಾಗಿ ಲುಕ್ರೇಝಿಯಾ ಎಂಬ ಹೆಸರು ಪಡೆದವಳು. ತಾಯಿ ಆಚೆಯಿಂದ ಈಚೆಗೆ ಬಂದವಳು, ಮಗ ಈಚೆಯಿಂದ ಆಚೆಗೆ ಹೋದವನು. 1598ರಲ್ಲಿ ನೌಕಾಪಡೆಯೊಂದಿಗೆ ಸಿಸಿಲಿಯ ಮೆಸ್ಸೀನಾ ಬಳಿ ಬಂದ ಪಾಶಾ ತಾಯಿಯನ್ನು ನೋಡಬೇಕೆಂದು ಕೇಳಿಕೊಂಡ, ಆಕೆ ಹಡಗಿಗೆ ಬಂದು ಮಗನನ್ನು ಕಂಡಳು ಎನ್ನುತ್ತಾರೆ. ಆ ಹಡಗಿನಲ್ಲಿ ತಾಯಿ ಮಗ ಯಾವ ಭಾಷೆಯಲ್ಲಿ ಮಾತಾಡಿರಬಹುದು ಎಂಬ ಪ್ರಶ್ನೆ ಕತೆ ಬರೆಯುವವನಾದ ನನ್ನನ್ನು ಕಾಡುತ್ತದೆ. ದೆ ಆಂದ್ರೆಯ ಸಿನಾನ್ ಚುರುಕು ಬುದ್ಧಿಯ, ನಗಿಸುವ ಸಾಹಸಿ. ಮೆಸ್ಸೀನಾದ ಮಗ ಅವನಲ್ಲಿ ಕಾಣುವುದಿಲ್ಲ.

‘ಸಿದುನ್’ ಎಂದರೆ ಲೆಬನಾನಿನ ಸೈದಾ, ಬೈಬಲ್ಲಿನ ಸೀದೋನ್. 1982ರ ಜೂನ್‌ನಲ್ಲಿ ಇಸ್ರೇಲಿ ಸೇನೆ ಲೆಬನಾನಿಗೆ ನುಗ್ಗಿದಾಗ ಪೆಟ್ಟು ತಿಂದ ಮೊದಲ ನಗರಗಳಲ್ಲಿ ಅದೂ ಒಂದು. ಹಾಡು ಆರಂಭವಾಗುವುದು ರೊನಾಲ್ಡ್ ರೇಗನ್ ಮತ್ತು ಏರಿಯಲ್ ಶರೋನ್ ಅವರ ಧ್ವನಿಗಳಿಂದ. ಅಧಿಕಾರದ ಆ ಮಾತು ಮುಗಿದ ಮೇಲೆ ಒಬ್ಬ ತಂದೆಯ ಧ್ವನಿ ಬರುತ್ತದೆ. ಟ್ಯಾಂಕಿನಡಿ ಜಜ್ಜಿಹೋದ ಮಗುವನ್ನು ಎತ್ತಿಕೊಂಡಿದ್ದಾನೆ. ಮಗುವಿನ ತುಟಿ, ಕಣ್ಣು, ಮೈಯನ್ನು ಒಂದೊಂದಾಗಿ ಮುದ್ದಿಸುತ್ತಾನೆ, ಲಾಲಿ ಹಾಡುವವನ ಹಾಗೆ. ಸ್ವಲ್ಪ ಹೊತ್ತು ಕೇಳಿದ ಮೇಲೆಯೇ ನಮಗೆ ಇದು ಲಾಲಿಯಲ್ಲ ಎಂದು ತಿಳಿಯುವುದು. ಕೊನೆಯಲ್ಲಿ ಪದಗಳೇ ಇಲ್ಲ, ಬರೀ ಗಂಟಲಿನ ಅಳು ಉದ್ದಕ್ಕೆ ಹರಿಯುತ್ತದೆ. ಹಾಡಿನಲ್ಲಿ ಬರುವ ಸಾವು ಒಂದು ಪುಟ್ಟ ನಾಡಿನ, ಅದರ ಹಳೆಯ ಸಂಸ್ಕೃತಿಯ ಸಾವೂ ಹೌದು ಎಂದು ದೆ ಆಂದ್ರೆ ಹೇಳಿಕೊಂಡಿದ್ದ.

ಸೈದಾದ ತಂದೆ ಜಿನೋವಾದ ಮಾತಿನಲ್ಲಿ ಅಳುವುದು ಹೇಗೆ ಎಂದು ಕೆಲವರಿಗೆ ಅನಿಸೀತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ರಾತ್ರಿಗಳನ್ನು ಕಂಡವರಿಗೆ ಈ ಪ್ರಶ್ನೆ ಏಳಬೇಕಿಲ್ಲ. ಕರ್ಬಲಾ ಇರುವುದು ಇರಾಕಿನಲ್ಲಿ. ಹುಸೇನರು ಹುತಾತ್ಮರಾದದ್ದು ಕ್ರಿ.ಶ. 680ರಲ್ಲಿ. ಆದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಹಾಡುವವರು ಹುಸೇನರ ಮಕ್ಕಳ ಬಾಯಾರಿಕೆಯನ್ನು ಅಪ್ಪಟ ಕನ್ನಡದಲ್ಲಿ ಅಳುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ದೂರದ ಸಾವನ್ನು ಮನೆಯ ಮಾತಿನಲ್ಲಿ ಅತ್ತಾಗ ಅದು ಮನೆಯ ಸಾವಾಗುತ್ತದೆ. ದೆ ಆಂದ್ರೆ ಸೈದಾದ ಮಗುವಿಗೆ ಇಟಲಿಯ ರೇಡಿಯೊದ ಭಾಷೆಯಲ್ಲಿ ಸಂತಾಪ ಸೂಚಿಸಬಹುದಿತ್ತು, ಆಗ ಅದು ಸುದ್ದಿಯಾಗುತ್ತಿತ್ತು. ಜಿನೋವಾದ ಅಡುಗೆಮನೆಯ ಮಾತಿನಲ್ಲಿ ಅತ್ತದ್ದರಿಂದ ಆ ಮಗು ಜಿನೋವಾದ್ದೂ ಆಯಿತು. ಕೃತಿಯ ಪರಮ ಸಾಧನೆ ಇದೇ ಎಂದು ನಾನು ತಿಳಿದಿದ್ದೇನೆ.

ಇನ್ನೆರಡು ಹಾಡುಗಳು ಊರಿನೊಳಗಿನ ಹಳೆಯ ಪದ್ಧತಿಗಳನ್ನು ಕುರಿತವು. ‘ಆ ಪಿತ್ತಿಮಾ’ದಲ್ಲಿ ಬರುವವನು ಸಾಲ ಕೊಟ್ಟವರು ನೇಮಿಸಿದ ಆಳು. ಸಾಲಗಾರನ ಬೆನ್ನು ಹತ್ತಿ, ಬೀದಿಯಲ್ಲಿ ಮಾನ ಕಳೆದು ಹಣ ಹೊರಡಿಸುವುದು ಆತನ ಉದ್ಯೋಗ. ಬೆನ್ನು ಬಿಡದೆ ಕಾಡುವವನಿಗೆ ಜಿನೋವಾದಲ್ಲಿ ಇಂದಿಗೂ ಆ ಹೆಸರೇ. ದೆ ಆಂದ್ರೆಯ ಪಿತ್ತಿಮಾ ಬಡಕಲು ಮೈಯವನು. ನಾವಿಕನಾಗಲು ತೋಳಿನಲ್ಲಿ ಬಲವಿಲ್ಲ, ಹಾಗಾಗಿ ಈ ಹೊಲಸು ಕೆಲಸ. ಸಾಲಗಾರ ತೀರಾ ನಿರ್ಗತಿಕನಾದರೆ ತಾನೇ ಕೈಯಿಂದ ಕೊಡುತ್ತೇನೆ, ಇದನ್ನು ಯಾರಿಗೂ ಹೇಳಬೇಡಿ ಎಂದು ಆತ ಕೊನೆಗೆ ಬೇಡಿಕೊಳ್ಳುತ್ತಾನೆ. ವಸೂಲಿಯವರ ಕಿರುಕುಳ ತಡೆಯಲು ಕರ್ನಾಟಕ ಸರಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಮೈಕ್ರೊಫೈನಾನ್ಸ್ ಕಂತಿಗಾಗಿ ಮನೆ ಬಾಗಿಲಿಗೆ ಬಂದು ಕೂರುವ ಯುವಕನ ಮನೆಯಲ್ಲೂ ಸಾಲವಿರಬಹುದು ಎಂದು ನಾವು ಯೋಚಿಸುವುದಿಲ್ಲ. ಈ ಹಾಡು ಯೋಚಿಸುವಂತೆ ಮಾಡುತ್ತದೆ.

‘ಆ ದುಮೆನೆಗಾ’ ಎಂದರೆ ಭಾನುವಾರ. ವಾರವಿಡೀ ಒಂದೇ ಕೇರಿಯಲ್ಲಿ ಕಟ್ಟಿಹಾಕಿದ ವೇಶ್ಯೆಯರಿಗೆ ಅಂದು ಊರಲ್ಲಿ ಅಡ್ಡಾಡಲು ಅನುಮತಿ. ಬೀದಿಯ ಜನ ಬೈಯುತ್ತಾರೆ, ಗೇಲಿ ಮಾಡುತ್ತಾರೆ. ಬಂದರಿನ ಅಧಿಕಾರಿಗೆ ಮಾತ್ರ ಒಳಗೊಳಗೇ ಖುಷಿ, ಯಾಕೆಂದರೆ ಹೊಸ ಧಕ್ಕೆ ಕಟ್ಟಲು ಹಣ ಬರುವುದು ಈ ಹೆಣ್ಣುಗಳ ದುಡಿಮೆಯಿಂದಲೇ. ಎಲ್ಲರಿಗಿಂತ ಜೋರಾಗಿ ಕಿರುಚುವ ಮಡಿವಂತನ ಹೆಂಡತಿಯೂ ಆ ಗುಂಪಿನಲ್ಲಿದ್ದಾಳೆ, ಆತನಿಗೆ ಗೊತ್ತಿಲ್ಲ. ನಗುತ್ತ ನಗುತ್ತ ಊರಿನ ಮರ್ಯಾದೆಯ ಲೆಕ್ಕಪುಸ್ತಕವನ್ನೇ ಬಿಚ್ಚಿಡುವ ಹಾಡು ಇದು.

ಇಷ್ಟು ಕಂಡ ಕಣ್ಣು ‘ಜಮಿನಾ’ ಹಾಡಿನಲ್ಲಿ ಮಂಕಾದದ್ದು ಬೇಸರ ತರುತ್ತದೆ. ಜಮಿನಾ ನಾವಿಕ ಯಾವುದೋ ಬಂದರಿನಲ್ಲಿ ಕಾಣಲು ಹಂಬಲಿಸುವ ಕಪ್ಪು ಮೈಯ ಹೆಣ್ಣು. ಸಂಗೀತ ಸೊಗಸಾಗಿದೆ, ಕಾಮದ ವರ್ಣನೆಯಲ್ಲಿ ಅಳುಕಿಲ್ಲ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಿನಾನನಿಗೆ ಬಾಯಿ ಸಿಕ್ಕಿತು, ಪಿತ್ತಿಮಾನಿಗೆ ಸಿಕ್ಕಿತು, ಜಮಿನಾಳಿಗೆ ಸಿಗಲಿಲ್ಲ. ಆಕೆ ಕೇವಲ ಮೈ. ಯುರೋಪಿನ ಹಡಗುಗಳು ದಕ್ಷಿಣದ ದಂಡೆಯ ಹೆಣ್ಣನ್ನು ನೋಡಿದ ಹಳೆಯ ನೋಟವೇ ಇಲ್ಲಿ ಮುಂದುವರಿದಿದೆ. ಅದೇ ಎಂಬತ್ತರ ದಶಕದಲ್ಲಿ ನಮ್ಮ ಕರಾವಳಿಯಲ್ಲಿ ಸಾರಾ ಅಬೂಬಕ್ಕರ್ ಅವರು ದಡದಲ್ಲಿ ನಿಂತ ಹೆಣ್ಣಿಗೇ ಮಾತು ಕೊಟ್ಟು ಬರೆಯುತ್ತಿದ್ದರು. ಆ ಕತೆಗಳನ್ನು ಓದಿದ ಕಿವಿಗೆ ಜಮಿನಾಳ ಮೌನ ದೊಡ್ಡದಾಗಿ ಕೇಳಿಸುತ್ತದೆ.

ಇನ್ನೊಂದು ಮೌನವೂ ಇದೆ. ಸೆರೆಸಿಕ್ಕ ಜಿನೋವಾದವನ ಕತೆಯನ್ನು ಆಲ್ಬಮ್ ಹೇಳುತ್ತದೆ. ಜಿನೋವಾದವರು ಸೆರೆಹಿಡಿದವರ ಕತೆ? 1087ರಲ್ಲಿ ಪೀಸಾದವರ ಜೊತೆಗೂಡಿ ಟ್ಯುನೀಸಿಯಾದ ಮಹ್ದಿಯಾ ನಗರವನ್ನು ಸೂರೆ ಮಾಡಿದ್ದು ಇದೇ ಜಿನೋವಾ. ಕಪ್ಪು ಸಮುದ್ರದ ಕಾಫಾದಿಂದ ಗುಲಾಮರನ್ನು ತಂದು ಮಾರಿದ್ದೂ ಅದೇ. ಅದರ ಹಡಗುಗಳಲ್ಲಿ ಸರಪಳಿ ಬಿಗಿದುಕೊಂಡು ಹುಟ್ಟು ಹಾಕಿದವರಲ್ಲಿ ಉತ್ತರ ಆಫ್ರಿಕಾದ ಮುಸ್ಲಿಮರೂ ಇದ್ದರು. ಅವರ ಪೈಕಿ ಯಾರೂ ಜಿನೋವಾದ ಪಾಶಾ ಆಗಲಿಲ್ಲ. ಏಳು ಹಾಡುಗಳಲ್ಲಿ ಎಲ್ಲವೂ ಬರಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಆದರೆ ಸೈದಾದ ತಂದೆಯ ನೋವು ಅಷ್ಟು ಆಳಕ್ಕೆ ತಿಳಿದವನಿಗೆ ತನ್ನೂರ ಹಡಗಿನ ತಳದಲ್ಲಿದ್ದ ಹುಟ್ಟಾಳಿನ ನೋವಿಗೂ ಒಂದು ಸಾಲು ಸಿಗಬೇಕಿತ್ತು.

ಕೊನೆಯ ಹಾಡು ‘ದಾ ಮೆ ರಿವಾ’, ಅಂದರೆ ನನ್ನ ದಡದಿಂದ. ಹೊರಡುವ ನಾವಿಕ ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಎಣಿಸುತ್ತಾನೆ. ಬಟ್ಟೆಬರೆಗಳ ಜೊತೆ ಹೆಂಡತಿ ಹುಡುಗಿಯಾಗಿದ್ದಾಗಿನ ಒಂದು ಚಿತ್ರವಿದೆ. ಊರಿನ ನೆನಪಾದಾಗ ಮುತ್ತಿಡಲು ಅದೇ ಆತನಿಗೆ ಊರು. ಜೋರು ವಾದ್ಯಗಳಿಲ್ಲದ, ಕಿರಿದಾದ ಈ ಹಾಡಿನಲ್ಲಿ ನಾಡು ಎಂಬುದು ಪೆಟ್ಟಿಗೆಯಲ್ಲಿ ಹಿಡಿಯುವಷ್ಟಾಗುತ್ತದೆ. ಕೊಲ್ಲಿಗೆ ಹೋಗುವ ಮಗನ ಸೂಟ್‌ಕೇಸಿನಲ್ಲಿ ಅಮ್ಮಂದಿರು ಉಪ್ಪಿನಕಾಯಿ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಡುವ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೆ ಆಂದ್ರೆ 1999ರ ಜನವರಿಯಲ್ಲಿ ತೀರಿಕೊಂಡ. ಜಿನೋವಾದಲ್ಲಿ ನಡೆದ ಅಂತ್ಯಕ್ರಿಯೆಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆತನ ಊರು ಆಮೇಲೂ ಸುದ್ದಿಯಲ್ಲಿದೆ. 2019ರ ಮೇ ತಿಂಗಳಲ್ಲಿ ಸೌದಿ ಅರೇಬಿಯಾದ ಹಡಗೊಂದು ಅಲ್ಲಿಗೆ ಬಂದಾಗ, ಯೆಮನ್ ಯುದ್ಧಕ್ಕೆ ಹೋಗುವ ಸರಕನ್ನು ತುಂಬುವುದಿಲ್ಲ ಎಂದು ಅಲ್ಲಿನ ಕಮಾಲ್ಲಿಗಳು, ಅಂದರೆ ನಮ್ಮ ಹಮಾಲಿಗಳ ದಾಯಾದಿಗಳು, ಕೈಕಟ್ಟಿ ನಿಂತರು. 2024ರಲ್ಲಿ ಸೈದಾದ ಪರಿಸರದ ಮೇಲೆ ಇಸ್ರೇಲಿ ಬಾಂಬುಗಳು ಮತ್ತೆ ಬಿದ್ದವು. ಹಾಡಿನಿಂದ ಬಾಂಬು ನಿಲ್ಲುವುದಿಲ್ಲ, ಹಮಾಲಿಗಳ ಹೆಗಲನ್ನು ಹಾಡೇ ತಡೆಯಿತು ಎಂದು ಹೇಳುವುದೂ ಅತಿಯಾದೀತು. ಇಷ್ಟು ಮಾತ್ರ ಹೇಳಬಹುದು: ಸೈದಾದ ಮಗುವಿಗಾಗಿ ತನ್ನ ಮಾತಿನಲ್ಲಿ ಒಮ್ಮೆ ಅತ್ತ ಊರಿಗೆ, ಯೆಮನಿನ ಮಗು ಯಾರದು ಎಂದು ಕೇಳಬೇಕಾಗಲಿಲ್ಲ.

ನಮ್ಮ ಕರಾವಳಿಗೂ ಬಯಲುಸೀಮೆಗೂ ಇಂಥದೊಂದು ಹಾಡಿನ ಗುಚ್ಛ ಬಾಕಿ ಇದೆ. ಬ್ಯಾರಿ, ತುಳು, ಕೊಂಕಣಿ, ನವಾಯತಿ, ದಖನಿ ಪ್ರತಿಯೊಂದರಲ್ಲೂ ಕಡಲಾಚೆಯ ಪದಗಳು ಮನೆಮಾಡಿಕೊಂಡಿವೆ. ಅವುಗಳಲ್ಲಿ ನಾಡಿನ ಹಾಡು ಕಟ್ಟಲು ಹೊರಡುವ ಹುಡುಗ ಹುಡುಗಿಯರು ದೆ ಆಂದ್ರೆಯನ್ನು ಒಮ್ಮೆ ಕೇಳಲಿ. ಜಮಿನಾಳಿಗೆ ಮಾತು ಕೊಡುವ ಕೆಲಸ ಅವರಿಗೇ ಉಳಿದಿದೆ.